ಅತ್ತೆಯ ಬೊಡ್ಡೆ ಮತ್ತು ಅರವತ್ತು ಲೀಟರು

ನಮ್ಮ ಬೀದಿಯ ಮನೆಗಳಿಗೆಲ್ಲ ಒಂದು ಗುರುತಿದೆ. ಪ್ರತಿ ಮನೆಯಲ್ಲೂ ಯಾವುದಾದರೊಂದು ಗೋಡೆ ಎರಡು ಬಣ್ಣದಲ್ಲಿರುತ್ತದೆ. ಮೇಲಿನ ಮುಕ್ಕಾಲು ಭಾಗ ತಿಳಿ ಹಳದಿಯಾದರೆ ಕೆಳಗಿನ ಕಾಲು ಭಾಗ ಅದಕ್ಕಿಂತ ಒಂದಿಷ್ಟು ಗಾಢ. ಹೊಸದಾಗಿ ಬಾಡಿಗೆಗೆ ಬಂದವರು ಇದು ಇಲ್ಲಿಯ ಅಲಂಕಾರದ ಪದ್ಧತಿ ಇರಬೇಕು ಎಂದುಕೊಂಡು ಮೆಚ್ಚುತ್ತಾರೆ. ಇದು ಅಲಂಕಾರವಲ್ಲ, ಅಂದಾಜಣ್ಣನ ಲೆಕ್ಕ.

ಅಂದಾಜಣ್ಣ ನನ್ನ ಪಕ್ಕದ ಮನೆಯವನು. ಬಣ್ಣದಂಗಡಿಯಲ್ಲಿ ಕೆಲಸ. ಗಿರಾಕಿ ಬಂದು ಗೋಡೆಯ ಉದ್ದಗಲ ಹೇಳಲು ಬಾಯಿ ತೆರೆದರೆ ಸಾಕು, ಕೈ ಎತ್ತಿ ತಡೆಯುತ್ತಾನೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗಾಳಿಯಲ್ಲಿ ಆ ಗೋಡೆಯನ್ನು ನೋಡಿ, "ಎರಡು ಡಬ್ಬಿ ಸಾಕು" ಎನ್ನುತ್ತಾನೆ. ಸಾಕಾಗುವುದಿಲ್ಲ. ಯಾವತ್ತೂ ಸಾಕಾದದ್ದಿಲ್ಲ. ಗಿರಾಕಿ ಕೈಗೆಲ್ಲ ಬಣ್ಣ ಮೆತ್ತಿಕೊಂಡು ಕೆಂಡವಾಗಿ ಮರಳಿ ಬಂದರೆ, "ಇನ್ನೊಂದು ಡಬ್ಬಿ ಹಿಡಿಯುತ್ತೆ, ಅಷ್ಟೇ ತಾನೆ?" ಎಂದು ಬಹಳ ಸಮಾಧಾನದಿಂದ ಕೇಳುತ್ತಾನೆ. ಆ ಇನ್ನೊಂದು ಡಬ್ಬಿ ಬೇರೆ ದಿನ ಕಲಸಿದ್ದಾದ್ದರಿಂದ ಬಣ್ಣ ಒಂದು ಎಳೆ ಹೆಚ್ಚುಕಮ್ಮಿ. ಅಂಗಡಿಯ ಯಜಮಾನರು ಇದರಿಂದ ಬೇಸರಗೊಂಡಂತೆ ಕಾಣಲಿಲ್ಲ. ಎರಡು ಸಲ ಬರುವ ಗಿರಾಕಿ ಯಾರಿಗೆ ಬೇಡ?

ಅವನ ಅಂದಾಜು ಸುಮ್ಮಸುಮ್ಮನೆ ತಪ್ಪುವುದಿಲ್ಲ, ಅದಕ್ಕೂ ಒಂದು ಶಿಸ್ತಿದೆ. ಹೆಚ್ಚಿನ ಕಡೆಗೆ ಅದು ತಪ್ಪಿದ್ದೇ ಇಲ್ಲ. ಯಾವಾಗಲೂ ಕಡಿಮೆಯ ಕಡೆಗೇ. ನನ್ನ ಮನೆಯ ಮುಂಗೋಡೆಯೇ ಇದಕ್ಕೆ ಸಾಕ್ಷಿ. ನಾನು ಶಾಲೆಯಲ್ಲಿ ಜೀವಮಾನವಿಡೀ ವ್ಯಾಕರಣ ಹೇಳಿಕೊಟ್ಟವನು. ದಿನಾ ಬೆಳಗ್ಗೆ ಬಾಗಿಲು ತೆರೆದು ಆ ಗೋಡೆ ನೋಡಿದಾಗ ನನಗೆ ತಪ್ಪು ತಿದ್ದದ ಉತ್ತರಪತ್ರಿಕೆ ನೋಡಿದ ಹಾಗಾಗುತ್ತದೆ.

ಇಂಥವನ ಅಂದಾಜನ್ನು ಕೇಳಿ ಪಡೆಯುತ್ತಿದ್ದವರು ಈ ಭೂಮಿಯ ಮೇಲೆ ಒಬ್ಬರೇ, ಅವನ ಅತ್ತೆ. ಗಂಡ ತೀರಿಕೊಂಡ ಮೇಲೆ ಹಿರಿಯ ಮಗಳ ಮನೆಗೆ ಬಂದು ಸೇರಿದವರು. ಸಂಜೆ ಅವನು ಅಂಗಡಿಯಿಂದ ಬಂದು ಹೊಸ್ತಿಲ ಮೇಲೆ ಕೂತರೆ ಅತ್ತೆ ಒಳಬದಿಯಲ್ಲಿ ತಮ್ಮ ಜಾಗದಲ್ಲಿ ಕೂತು ಶುರು ಮಾಡುತ್ತಿದ್ದರು.

"ಅಳಿಯಂದಿರೇ, ಈ ಮಳೆ ಎಷ್ಟು ಹೊತ್ತಿಗೆ ನಿಂತೀತು?"

ಅವನು ಎಡಗಣ್ಣು ಮುಚ್ಚುತ್ತಿದ್ದ. "ಅರ್ಧ ಗಂಟೆ, ಅತ್ತೆ."

ಅತ್ತೆ ಅರ್ಧ ಗಂಟೆ ಕಾದು ಬಟ್ಟೆ ಒಣಹಾಕುತ್ತಿದ್ದರು. ಬಟ್ಟೆ ನೆನೆಯುತ್ತಿತ್ತು. ಅವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಾರನೆಯ ದಿನ ಮತ್ತೆ, "ಅಳಿಯಂದಿರೇ, ಈ ನೂಲಿನ ಉಂಡೆಯಲ್ಲಿ ಒಂದು ಟೋಪಿ ಆದೀತಾ?" ಎಂದು ಕೇಳುತ್ತಿದ್ದರು. ಆದೀತು ಎಂದು ಅವನು ಹೇಳಿದ ಟೋಪಿ ನೆತ್ತಿಯ ಹತ್ತಿರ ಬಂದು ನಿಂತುಹೋಯಿತು. "ಗಾಳಿ ಆಡಕ್ಕೆ ಒಳ್ಳೇದಾಯ್ತು" ಎಂದು ಅತ್ತೆ ಅದನ್ನು ಹಾಗೆಯೇ ಮಡಿಸಿ ಇಟ್ಟರು.

ಈ ಅತ್ತೆ ಮಗಳ ಮನೆಗೆ ಬರುವಾಗ ತಂದದ್ದು ಎರಡೇ ಸಾಮಾನು. ಒಂದು ಬಟ್ಟೆಯ ಪೆಟ್ಟಿಗೆ, ಇನ್ನೊಂದು ಬೊಡ್ಡೆ. ಯಾವುದೋ ದೊಡ್ಡ ಮರದ ಬುಡ ಅದು. ಹೊಳೆಯಲ್ಲಿ ತೇಲಿ ಬಂದದ್ದನ್ನು, ದೋಣಿ ರಿಪೇರಿ ಮಾಡುತ್ತಿದ್ದ ಅವರ ಯಜಮಾನರು ಹಗ್ಗ ಹಾಕಿ ಎಳೆದು ತಂದು, ಮೇಲೆ ಕೂರುವಷ್ಟು ಜಾಗ ಕೆತ್ತಿ, ಹೆಂಡತಿಗೆ ಆಸನ ಮಾಡಿಕೊಟ್ಟಿದ್ದರಂತೆ. ಕೂರುವ ಜಾಗವೊಂದು ಬಿಟ್ಟರೆ ಉಳಿದದ್ದೆಲ್ಲ ಸೊಟ್ಟ. ಐದಾರು ಬೇರುಗಳು ಐದಾರು ದಿಕ್ಕಿಗೆ ಚಾಚಿಕೊಂಡು, ನಡುನಡುವೆ ತೂತು, ಗಂಟು, ಗೂನು. ಅದನ್ನು ಬಾಗಿಲ ಪಕ್ಕ ಇಟ್ಟಿದ್ದರು. ದಿನಕ್ಕೊಂದು ಸಲವಾದರೂ ಅಂದಾಜಣ್ಣನ ಕಾಲ್ಬೆರಳು ಅದಕ್ಕೆ ಬಡಿಯುತ್ತಿತ್ತು. ಅದು ಎಷ್ಟು ದೂರದಲ್ಲಿದೆ ಎಂಬುದನ್ನೂ ಅವನು ಅಂದಾಜಿನಿಂದಲೇ ತಿಳಿಯುತ್ತಿದ್ದನಲ್ಲ!

"ಈ ಬೊಡ್ಡೆ ಈ ಮನೆಯಿಂದ ತೊಲಗೋ ದಿನ ಬೀದಿಗೆಲ್ಲ ಸಿಹಿ ಹಂಚ್ತೀನಿ!" ಎಂದು ಅವನು ಒಂಟಿ ಕಾಲಿನಲ್ಲಿ ಕುಣಿಯುತ್ತ ಕೂಗುವುದು ನನ್ನ ಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಆ ದಿನ ಹತ್ತಿರ ಬಂತು. ಅತ್ತೆಯ ಚಿಕ್ಕ ಮಗಳಿಗೆ ಚೊಚ್ಚಲ ಹೆರಿಗೆ. ದೂರದ ಊರು, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಫೋನಿನಲ್ಲಿ ಅವಳು, "ಅಮ್ಮಾ, ನೀನು ಬರದೇ ಇದ್ರೆ ನನ್ನ ಕೈಲಿ ಆಗಲ್ಲ" ಎಂದು ಅತ್ತಳಂತೆ. ಅತ್ತೆ ಫೋನು ಇಟ್ಟವರೇ ಪೆಟ್ಟಿಗೆ ಕಟ್ಟಲು ಕೂತರು. ನೆತ್ತಿಯಿಲ್ಲದ ಟೋಪಿಯನ್ನು ಮೇಲೆ ಇಟ್ಟರು. ಆಮೇಲೆ ಬೊಡ್ಡೆಯ ಮೇಲೆ ಕೈಯಿಟ್ಟು, "ಇದೂ ನನ್ನ ಜೊತೆ ಬರುತ್ತೆ" ಎಂದರು.

"ಲಾರಿಯಲ್ಲಿ ಹಿಂದಿನಿಂದ ಕಳಿಸೋಣಮ್ಮ" ಎಂದಳು ಹಿರಿಯ ಮಗಳು.

"ಲಾರೀಲಿ ಬೇಡ. ನಾನು ಹೋಗೋ ಬಸ್ಸಲ್ಲೇ ಬರಬೇಕು. ಅದು ಬಂದ್ರೆ ನಾನೂ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ."

ಅತ್ತೆಯದು ಮೆತ್ತನೆಯ ದನಿ. ಆ ದನಿಯಲ್ಲಿ ಅವರು ಹೇಳಿದ ಮಾತು ಬದಲಾದದ್ದನ್ನು ಯಾರೂ ಕಂಡಿಲ್ಲ.

ಬೊಡ್ಡೆಯ ಒಂದು ತುದಿ ಅಂದಾಜಣ್ಣ, ಇನ್ನೊಂದು ತುದಿ ನಾನು ಹಿಡಿದು ಬಸ್ ಕಚೇರಿಗೆ ಹೊತ್ತುಕೊಂಡು ಹೋದೆವು. ಅಲ್ಲಿಯ ಗುಮಾಸ್ತರು ಸಣಕಲು ಆಸಾಮಿ, ಕನ್ನಡಕ, ಕುತ್ತಿಗೆಗೆ ಅಳತೆಪಟ್ಟಿ. ಬೊಡ್ಡೆಯ ಉದ್ದ ಅಳೆದರು, ಅಗಲ ಅಳೆದರು, ಎತ್ತರ ಅಳೆದರು, ಗುಣಿಸಿದರು.

"ಇನ್ನೂರ ಎಪ್ಪತ್ತು ಲೀಟರ್. ಪ್ರಯಾಣಿಕರ ಜೊತೆ ಹೋಗೋ ಸಾಮಾನು ಅರವತ್ತು ಲೀಟರ್ ಗಾತ್ರ ಮೀರಬಾರದು. ಇದು ಹೋಗಲ್ಲ."

ಅಂದಾಜಣ್ಣನಿಗೆ ಬೊಡ್ಡೆಯ ಮೇಲೆ ಪ್ರೀತಿ ಇರಲಿಲ್ಲ. ಆದರೆ ಲೀಟರು ಎಂಬ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಅವನಿಗೆ ತಡೆಯುವುದಿಲ್ಲ. "ಸಾರ್, ಈ ಬೇರು ಮತ್ತೆ ಈ ಬೇರಿನ ಮಧ್ಯೆ ಏನಿದೆ?"

"ಏನೂ ಇಲ್ಲ."

"ಆ ಏನೂ ಇಲ್ಲದ್ದನ್ನೂ ಲೀಟರಲ್ಲಿ ಹಾಕಿದ್ದೀರಲ್ಲ! ಗಾಳಿ ಸಾರ್ ಅದು! ನಮ್ಮತ್ತೆ ಗಾಳೀನ ಬಸ್ಸಿಗೆ ಹಾಕ್ತಾ ಇಲ್ಲ. ಬೊಡ್ಡೆ ಹಾಕ್ತಾ ಇದ್ದಾರೆ."

ಗುಮಾಸ್ತರು ಕನ್ನಡಕ ತೆಗೆದರು. ಇಂಥ ಪ್ರಶ್ನೆಗಾಗಿ ಅವರು ಕೆಲಸಕ್ಕೆ ಸೇರಿದ ದಿನದಿಂದ ಕಾಯುತ್ತಿದ್ದಂತೆ ಮುಖ ಬೆಳಗಿತು. ನಿಯಮದ ಪುಸ್ತಕ ತೆರೆದು, ಬೆರಳಿಟ್ಟು ಓದಿ, "ವಸ್ತುವಿನ ಗಾತ್ರ ಅಂತಷ್ಟೇ ಇದೆ. ಪೆಟ್ಟಿಗೆಯ ಗಾತ್ರ ಅಂತ ಇಲ್ಲ. ನೀವು ಹೇಳೋದು ಸರಿ. ಆದರೆ ಈ ಸೊಟ್ಟ ಸಾಮಾನಿನ ನಿಜವಾದ ಗಾತ್ರ ಕಂಡುಹಿಡಿಯೋದು ಹೇಗೆ?" ಎಂದರು.

ಅಂದಾಜಣ್ಣ ಎಡಗಣ್ಣು ಮುಚ್ಚಿದ. "ನಲವತ್ತು ಲೀಟರ್."

"ಅಂದಾಜು ಬೇಡ ಸಾರ್" ಎಂದರು ಗುಮಾಸ್ತರು. ಅವರ ಮನೆಯ ಗೋಡೆಯೂ ಎರಡು ಬಣ್ಣದ್ದೆಂದು ಆಮೇಲೆ ತಿಳಿಯಿತು.

"ಹಾಗಾದ್ರೆ ನೀರಲ್ಲಿ ಅಳೆಯೋಣ! ತುಂಬಿದ ತೊಟ್ಟಿಗೆ ಬೊಡ್ಡೆ ಹಾಕೋದು. ಎಷ್ಟು ನೀರು ಚೆಲ್ಲುತ್ತೋ ಅಷ್ಟು ಗಾತ್ರ. ಬೊಡ್ಡೆ ತೆಗೆದು ತೊಟ್ಟಿ ಮತ್ತೆ ತುಂಬಿಸಿದರೆ ಲೆಕ್ಕ ಸಿಗುತ್ತೆ. ಮೇಷ್ಟ್ರ ಹಿತ್ತಲಲ್ಲಿ ದೊಡ್ಡ ತೊಟ್ಟಿ ಇದೆ."

ಮೇಷ್ಟ್ರೆಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ.

ರಜೆಯ ದಿನ ಬೆಳಗ್ಗೆ ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಿಯಮದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದರು. ಆ ಅಂಗಿಗೆ ಇಸ್ತ್ರಿ ಮಾಡಿದವನೂ ಅವರ ಹಿಂದೆಯೇ ಬಂದ. ಅವನ ಹಿಂದೆ ದರ್ಜಿ. ದರ್ಜಿಯ ಹಿಂದೆ ಬೀದಿ. ನನ್ನ ತೊಟ್ಟಿ ಎದೆಮಟ್ಟದ್ದು, ಸಿಮೆಂಟಿನದು. ಅಂದಾಜಣ್ಣ ಅಂಗಡಿಯಿಂದ ಒಳಗೆ ಲೀಟರಿನ ಗೆರೆಗಳಿರುವ ಖಾಲಿ ಬಣ್ಣದ ಬಕೆಟ್ಟುಗಳನ್ನು ತಂದಿದ್ದ. ತೊಟ್ಟಿ ಅಂಚಿನವರೆಗೆ ತುಂಬಿತು. ಎಲ್ಲರೂ ಉಸಿರು ಬಿಗಿಹಿಡಿದರು. ಬೊಡ್ಡೆಯನ್ನು ಇಳಿಸಿದರು.

ಬೊಡ್ಡೆ ತೇಲಿತು.

ಸುಮ್ಮನೆ ತೇಲಲಿಲ್ಲ. ಅರ್ಧ ಮೈ ಮೇಲೆ ಬಿಟ್ಟುಕೊಂಡು, ನಿಧಾನವಾಗಿ ಒಂದು ಸುತ್ತು ತಿರುಗಿ, ಬಂದವರನ್ನೆಲ್ಲ ನೋಡಿ, ನಿಂತಿತು. ಅಂದಾಜಣ್ಣನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಅದನ್ನು ಎತ್ತಿ ಹೊರಗಿಟ್ಟು, ಬಕೆಟ್ಟಿನಿಂದ ತೊಟ್ಟಿ ತುಂಬಿಸಿ, "ಇಪ್ಪತ್ತೇಳೇ ಲೀಟರ್! ಬರೆದುಕೊಳ್ಳಿ ಸಾರ್! ನಾನು ನಲವತ್ತು ಅಂದಿದ್ದೆ, ಅದಕ್ಕಿಂತಲೂ ಕಡಿಮೆ!" ಎಂದು ಕೂಗಿದ. ಜೀವನದಲ್ಲಿ ಮೊದಲ ಸಲ ಹೆಚ್ಚಿನ ಕಡೆಗೆ ತಪ್ಪಿದ ಸಂತೋಷದಲ್ಲಿ ಅವನ ಕಣ್ಣು ಒದ್ದೆಯಾಗಿತ್ತು.

"ಮೇಲೆ ಇಣುಕ್ತಾ ಇತ್ತಲ್ಲ, ಅದು?" ಎಂದರು ಗುಮಾಸ್ತರು. "ಬಸ್ಸಿಗೆ ಅದೂ ಹತ್ತುತ್ತೆ. ಪೂರ್ತಿ ಮುಳುಗಬೇಕು."

"ಮುಳುಗಿಸೋಣ, ಅದೇನು ಮಹಾ!"

ಆಗ ಅತ್ತೆ, ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದವರು, ಮಾತಾಡಿದರು.

"ಅದು ಮುಳುಗಲ್ಲ, ಅಳಿಯಂದಿರೇ."

"ಎಲ್ಲಾ ಮುಳುಗುತ್ತೆ ಅತ್ತೆ, ಒತ್ತಬೇಕು ಅಷ್ಟೆ."

"ನಾವು ಮೂರು ಜನ ಅದರ ಮೇಲಿದ್ದೆವು. ಆವತ್ತೂ ಮುಳುಗಲಿಲ್ಲ. ಹೊಳೆ ಮನೆಯೊಳಗೆ ಬಂದ ದಿನ ಅವರು ಊರಲ್ಲಿರಲಿಲ್ಲ. ಇವಳು, ದೊಡ್ಡವಳು, ನನ್ನ ಸೊಂಟ ಹಿಡಿದಿದ್ದಳು. ಚಿಕ್ಕವಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಸೆರಗಲ್ಲಿ ಕಟ್ಟಿಕೊಂಡಿದ್ದೆ. ಬೆಳಗಾಗೋವರೆಗೆ ಇದನ್ನೇ ತಬ್ಬಿಕೊಂಡಿದ್ದು. ಈಗ ಆ ಚಿಕ್ಕವಳೇ ಹೆರೋಕೆ ಹೊರಟಿದ್ದಾಳೆ. ಇದು ಅವಳ ಮನೇಲಿ ಇರಲಿ ಅಂತ ಅಷ್ಟೆ."

ಇಷ್ಟು ದಿನ ಅತ್ತೆಯಾಗಲಿ ಮಗಳಾಗಲಿ ಇದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅಂದಾಜಣ್ಣ ತನ್ನ ಕಾಲ್ಬೆರಳನ್ನು ನೋಡಿಕೊಂಡ. ಆಮೇಲೆ ಬಹಳ ಗಂಭೀರವಾಗಿ, "ಮುಳುಗಿಸಲ್ಲ ಅತ್ತೆ. ಒಂದು ಗಳಿಗೆ ಕೆಳಗೆ ಹಿಡಿಯೋದು, ಅಷ್ಟೆ" ಎಂದ.

ಕಲ್ಲು ಕಟ್ಟುವುದೆಂದು ತೀರ್ಮಾನವಾಯಿತು. ದರ್ಜಿ ತನ್ನ ಅಂಗಡಿ ಬಾಗಿಲಿಗೆ ಒತ್ತಿಡುವ ಕಲ್ಲು ಕೊಟ್ಟ. ಎದುರುಮನೆಯಾಕೆ ಬಟ್ಟೆ ಒಗೆಯುವ ಕಲ್ಲು ಕೊಟ್ಟಳು, "ಬೇಗ ವಾಪಸ್ ಕೊಡಿ, ನೆನೆಸಿಟ್ಟ ಬಟ್ಟೆ ಹಾಗೇ ಇದೆ" ಎಂಬ ಷರತ್ತಿನ ಮೇಲೆ. ಎರಡನ್ನೂ ಹಗ್ಗದಿಂದ ಬಿಗಿದು ಇಳಿಸಿದಾಗ ಬೊಡ್ಡೆ ಗುಳುಗುಳು ಎನ್ನುತ್ತ ಕೆಳಗೆ ಹೋಯಿತು. ಹೊರಗೆ ತೆಗೆದು, ತೊಟ್ಟಿ ತುಂಬಿಸಿ, ಗೆರೆ ನೋಡಿದರೆ ಎಂಬತ್ತೊಂದು ಲೀಟರ್.

ಅತ್ತೆ ಎದ್ದು ನಿಂತರು. ಸೆರಗಿನಿಂದ ಬೊಡ್ಡೆಯ ನೀರು ಒರೆಸತೊಡಗಿದರು. ಗುಮಾಸ್ತರು ಪುಸ್ತಕ ಮುಚ್ಚಿದರು. ಎದುರುಮನೆಯಾಕೆ ತನ್ನ ಕಲ್ಲು ಎತ್ತಿಸಿಕೊಂಡು ಹೋದಳು. ದರ್ಜಿಯ ಕಲ್ಲೂ ಹೋಯಿತು. ಇಡೀ ಬೀದಿ ಮುಖ ಜೋಲು ಹಾಕಿಕೊಂಡು ಹೊರಡುವ ಹೊತ್ತಿಗೆ ಅಂದಾಜಣ್ಣನ ಹೆಂಡತಿ ಕೇಳಿದಳು.

"ರೀ, ಕಲ್ಲುಗಳೂ ಬಸ್ಸಿಗೆ ಹತ್ತುತ್ತಾ?"

ಗುಮಾಸ್ತರು ಹಣೆ ಚಚ್ಚಿಕೊಂಡರು. "ಕಳೀಬೇಕು! ಕಲ್ಲಿನ ಗಾತ್ರ ಇದರಲ್ಲಿ ಕಳೀಬೇಕು! ಕಲ್ಲನ್ನ ಬೇರೆ ಅಳೆದು, ಒಟ್ಟು ಲೆಕ್ಕದಿಂದ ಕಳೆದರೆ ಉಳಿದದ್ದು ಬೊಡ್ಡೆ. ತಿಳೀತಾ ಸಾರ್?"

"ಗೊತ್ತು, ಗೊತ್ತು" ಎಂದ ಅಂದಾಜಣ್ಣ. ತಿಳಿಯದಿದ್ದಾಗ ಅವನು ಎರಡೆರಡು ಸಲ ಗೊತ್ತು ಎನ್ನುತ್ತಾನೆ. ಇದನ್ನು ನಾನು ಆಗಲೇ ಗಮನಿಸಬೇಕಿತ್ತು.

ಕಲ್ಲು ಕೇಳಲು ಹೋದವರಿಗೆ ಎದುರುಮನೆಯಾಕೆ ಒದ್ದೆ ಬಟ್ಟೆ ಝಾಡಿಸಿ ತೋರಿಸಿದಳು. "ನಿಮ್ಮ ಬೊಡ್ಡೆ ಅಳೆಯೋವರೆಗೆ ನಮ್ಮನೆಯವರು ಏನು ಉಟ್ಕೊಂಡು ಓಡಾಡಬೇಕು?" ಕೇಳಬೇಕಾದ ಪ್ರಶ್ನೆಯೇ. ಗಳದಿಂದ ಒತ್ತಿ ನೋಡಿದರು. ಬೊಡ್ಡೆ ಪಕ್ಕಕ್ಕೆ ಉರುಳಿ, ಇನ್ನೊಂದು ಬೇರಿನಿಂದ ಗಳವನ್ನೇ ತಳ್ಳಿತು. ನೀರನ್ನೇ ಚೆಲ್ಲಿಸದಷ್ಟು ತೆಳ್ಳಗಿನ ಕಬ್ಬಿಣದ ಸಲಾಕೆಗಳನ್ನು ನಾಲ್ಕು ಕಡೆ ಇಟ್ಟು ಒತ್ತಿದ್ದರೆ ಕೆಲಸ ಸಲೀಸಾಗಿ ಆಗುತ್ತಿತ್ತು. ಆದರೆ ಅದು ನನಗೆ ಹೊಳೆದದ್ದು ಎಲ್ಲಾ ಮುಗಿದ ಮೇಲೆ, ಒಂದು ದಿನ ಕಾಲು ತೊಳೆಯುವಾಗ.

"ನಾನೇ ಇಳೀತೀನಿ" ಎಂದ ಅಂದಾಜಣ್ಣ. "ಮೇಲೆ ಕೂತ್ಕೊಂಡು ಒತ್ತಿಹಿಡೀತೀನಿ."

ಅವನು ಇಳಿದ. ಬೊಡ್ಡೆಯ ಮೇಲೆ, ಅತ್ತೆಯ ಯಜಮಾನರು ಕೆತ್ತಿದ ಜಾಗದಲ್ಲೇ, ಕೂತ. ನೀರಿಗೆ ಇಳಿದ ಮನುಷ್ಯನಿಗೆ ಭಾರ ಎಲ್ಲಿರುತ್ತದೆ? ಅವನು ಬೊಡ್ಡೆಯನ್ನು ಕೆಳಗೆ ಒತ್ತುವ ಬದಲು ಬೊಡ್ಡೆಯೇ ಅವನನ್ನು ಮೇಲೆತ್ತಿ ಬೀದಿಗೆ ತೋರಿಸಿತು. ಕೊನೆಗೆ ಇಸ್ತ್ರಿಯವನು ಒಂದು ಹೆಗಲು, ದರ್ಜಿ ಒಂದು ಹೆಗಲು ಹಿಡಿದು ಒತ್ತಿದರು. ಇಸ್ತ್ರಿಯವನಿಗೆ ಒತ್ತುವುದು ಕಸುಬೇ. ಬೊಡ್ಡೆ ಅಡಿಗೆ ಹೋಯಿತು, ಅಂದಾಜಣ್ಣ ಅದರ ಮೇಲೆ, ನೀರು ಅಂಚಿನಿಂದ ಧೋ ಎಂದು ಸುರಿಯಿತು. ಗುಮಾಸ್ತರು ಇಸ್ತ್ರಿಯ ಅಂಗಿಯನ್ನು ಮರೆತು ನೆಲದ ಮೇಲೆ ಮೊಣಕಾಲೂರಿ, ತೊಟ್ಟಿಯ ಅಂಚಿಗೆ ಕಣ್ಣಿಟ್ಟು, "ಇನ್ನೂ... ಇನ್ನೂ... ಗದ್ದ! ಗದ್ದದವರೆಗೆ ಬಂತು! ನಿಲ್ಲಿಸಿ! ಕೈ ಎತ್ತಿ! ನಿಮ್ಮ ಕೈ ನೀರಿಗೆ ತಾಗಿದ್ರೆ ನಿಮ್ಮನ್ನೂ ಕಳೀಬೇಕಾಗುತ್ತೆ!" ಎಂದು ಅರಚಿದರು.

ದರ್ಜಿ ಹೆದರಿ ಕೈ ಬಿಟ್ಟ. ಬೊಡ್ಡೆ ಚಿಮ್ಮಿತು. ಅಂದಾಜಣ್ಣ ಅರ್ಧ ಸುತ್ತು ಹೊಡೆದು ತೊಟ್ಟಿಯ ಅಂಚಿಗೆ ಜೋತುಬಿದ್ದ. ಆದರೆ ಚೆಲ್ಲಬೇಕಾದ ನೀರು ಅಷ್ಟರಲ್ಲಿ ಚೆಲ್ಲಿತ್ತು, ಅದು ಮರಳಿ ಬರುವಂತಿರಲಿಲ್ಲ. ಅವನ ಅಂಗಿಯನ್ನೂ ಮೀಸೆಯನ್ನೂ ತೊಟ್ಟಿಯ ಮೇಲೆಯೇ ಹಿಂಡಿಸಿ, ಮತ್ತೆ ತುಂಬಿಸಿ ನೋಡಿದರೆ ನೂರ ಇಪ್ಪತ್ತಮೂರು ಲೀಟರ್.

"ಇದು ಬೊಡ್ಡೆ ಮತ್ತು ಅಳಿಯಂದಿರು ಸೇರಿ" ಎಂದರು ಗುಮಾಸ್ತರು. "ಈಗ ಬರೀ ಅಳಿಯಂದಿರು ಎಷ್ಟು ನೋಡಬೇಕು. ಗದ್ದದವರೆಗೆ."

ಮನುಷ್ಯನೊಬ್ಬನನ್ನು ಬೀದಿಯೆಲ್ಲ ಸೇರಿ ಲೀಟರಿನಲ್ಲಿ ಅಳೆದದ್ದು ಅದೇ ಮೊದಲಿರಬೇಕು. ತಕರಾರು ಶುರುವಾಯಿತು. ಗದ್ದ ಎಂದರೆ ಗದ್ದದ ತುದಿಯೋ, ತುಟಿಯ ಕೆಳಗಿನ ಗುಳಿಯೋ? ಮೊದಲ ಸಲ ಅವನು ಉಸಿರು ಒಳಗೆಳೆದಿದ್ದನೋ, ಬಿಟ್ಟಿದ್ದನೋ? ಎದುರುಮನೆಯಾಕೆ ಗೋಡೆಯಾಚೆಯಿಂದ, "ನಡುವೆ ಒಂದು ಲೋಟ ಕಾಫಿ ಕುಡಿದಿದ್ದಾರೆ, ಅದನ್ನ ಬಿಡಬೇಡಿ!" ಎಂದು ಕೂಗಿದಳು. ಗುಮಾಸ್ತರು ಕಾಫಿಯ ಬಗ್ಗೆ ನಿಜವಾಗಿಯೂ ಯೋಚಿಸಿದರು. ಲೆಕ್ಕ ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ನನಗೆ ವಿಭಕ್ತಿ ಪ್ರತ್ಯಯಗಳು ಬರುತ್ತವೆ ಎಂದೆ.

ಈ ಗದ್ದಲದ ನಡುವೆ ಅತ್ತೆ ಟವೆಲು ಹಿಡಿದು ತೊಟ್ಟಿಯ ಹತ್ತಿರ ಬಂದಿದ್ದರು. ಅಂದಾಜಣ್ಣ ನಡುಗುತ್ತ ನಿಂತಿದ್ದ. ಅವನ ತಲೆ ಒರೆಸುತ್ತ ಕೇಳಿದರು.

"ಅಳಿಯಂದಿರೇ, ನಾನು ಹೋಗೋದು ಆದೀತಾ? ಅಂದಾಜು ಹೇಳಿ."

ಅವನು ಎಡಗಣ್ಣು ಮುಚ್ಚಲಿಲ್ಲ. ಎರಡೂ ಕಣ್ಣು ತೆರೆದು ಅತ್ತೆಯನ್ನು ನೋಡಿದ. "ಗೊತ್ತಾಗ್ತಾ ಇಲ್ಲ ಅತ್ತೆ" ಎಂದ. ಅಂದಾಜಣ್ಣನ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಅವನು ಮತ್ತೆ ತೊಟ್ಟಿಗೆ ಇಳಿದ, ಈ ಸಲ ಒಬ್ಬನೇ. ಕುಕ್ಕರಗಾಲಲ್ಲಿ ಕೂತ. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು, ಗದ್ದಕ್ಕೆ ಬಂತು. "ಸರಿ, ಸಾಕು!" ಎಂದರು ಗುಮಾಸ್ತರು. ಅಂದಾಜಣ್ಣ ಒಮ್ಮೆ ಅತ್ತೆಯ ಕಡೆ ನೋಡಿದ. ಮರುಕ್ಷಣ ಅವನ ತುಟಿ ಮುಳುಗಿತು, ಮೀಸೆ ಮುಳುಗಿತು, ಕಣ್ಣು ಮುಳುಗಿ, ತಲೆಯೂ ಕಾಣದಾಯಿತು. ನೀರು ಇನ್ನೊಂದು ಸಲ ಅಂಚು ದಾಟಿ ಸುರಿಯಿತು. ನಾಲ್ಕು ಗುಳ್ಳೆ ಬಂದವು.

"ಜಾರಿಬಿಟ್ಟರು! ಎಳೀರಿ!" ಎಂದು ಅವನ ಹೆಂಡತಿ ಕಿರುಚಿದಳು. ಇಸ್ತ್ರಿಯವನು ಕೂದಲು ಹಿಡಿದು ಎಳೆದ. ಅಳತೆ ಕೆಟ್ಟಿತು, ಮತ್ತೆ ಮೊದಲಿನಿಂದ ಆಗಬೇಕು ಎಂದು ಗುಮಾಸ್ತರು ಹೇಳುವ ಹೊತ್ತಿಗೆ ನನ್ನ ಬಾವಿಯಲ್ಲಿ ಪಂಪು ಕೆಸರು ಎಳೆಯತೊಡಗಿತ್ತು. ತೊಟ್ಟಿಯನ್ನು ಇನ್ನೊಮ್ಮೆ ತುಂಬಿಸುವಷ್ಟು ನೀರು ಮಾತ್ರ ಇತ್ತು. ಅದನ್ನು ಅಳೆದು ಸುರಿದೆವು. ಅರವತ್ತಾರು ಲೀಟರ್.

ಗುಮಾಸ್ತರು ನೂರ ಇಪ್ಪತ್ತಮೂರರಿಂದ ಅರವತ್ತಾರು ಕಳೆದರು. ಮತ್ತೊಂದು ಸಲ ಕಳೆದರು. "ಬೊಡ್ಡೆ ಐವತ್ತೇಳು! ಅರವತ್ತರ ಒಳಗೆ!" ಎಂದು ಎದ್ದು ನಿಂತು, ಅತ್ತೆಗೆ ಕೈ ಮುಗಿದರು. "ನೀವು ಹೋಗಬಹುದು ಅಮ್ಮಾ. ನಿಮ್ಮ ಬೊಡ್ಡೆ ನಿಮ್ಮ ಬಸ್ಸಲ್ಲೇ."

ಅಳಿಯಂದಿರು ಜಾರಿದ ಮಾತನ್ನು ಅವರು ಎತ್ತಲಿಲ್ಲ. ಜಾರಿದ್ದು ಯಾವ ಕಡೆಗೆ ಲಾಭವೆಂದು ಅವರಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ನಿಯಮದ ಪುಸ್ತಕವನ್ನು ಅಷ್ಟು ಪ್ರೀತಿಸುವವರಿಗೆ ಅದನ್ನು ಯಾವಾಗ ಮುಚ್ಚಬೇಕೆಂಬುದೂ ತಿಳಿದಿರುತ್ತದೆ. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಅಂದಾಜಣ್ಣ ಮಾತ್ರ ಟವೆಲು ಹೊದ್ದುಕೊಂಡು, ಬಾಯಿ ಸ್ವಲ್ಪ ತೆರೆದು, ಗುಮಾಸ್ತರ ಕೈಯಲ್ಲಿದ್ದ ಲೆಕ್ಕವನ್ನೇ ನೋಡುತ್ತಿದ್ದ. ಚಳಿಗೆ ಹಾಗಾಗಿದೆ ಎಂದುಕೊಂಡೆ.

ಅತ್ತೆ ಹೊರಟ ಬೆಳಗ್ಗೆ ನಾವೆಲ್ಲ ಬಸ್ಸಿನ ಹತ್ತಿರ ಹೋದೆವು. ಬೊಡ್ಡೆ ಬಸ್ಸಿನ ಹೊಟ್ಟೆಯೊಳಗೆ ಹೋಯಿತು. ಹೋಗುವಾಗಲೂ ಅದರ ಒಂದು ಬೇರು ಅಂದಾಜಣ್ಣನ ಮೊಣಕಾಲಿಗೆ ಬಡಿಯಿತು. ಅವನು ಕುಣಿಯಲಿಲ್ಲ. ಅತ್ತೆ ಕಿಟಕಿಯ ಪಕ್ಕ ಕೂತು, ಮಗಳ ಕೈ ಹಿಡಿದು, ಅದು ಇದು ಹೇಳಿ, ಕೊನೆಗೆ ಅವನನ್ನು ಕರೆದರು.

"ಅಳಿಯಂದಿರೇ, ನಾನು ಎಷ್ಟು ದಿನಕ್ಕೆ ವಾಪಸ್ ಬಂದೇನು? ಅಂದಾಜು ಹೇಳಿ."

ಅಂದಾಜಣ್ಣ ಎಡಗಣ್ಣು ಮುಚ್ಚಿದ. ಬಲಗಣ್ಣಿನಲ್ಲಿ ನೀರು ಇತ್ತು. "ಎರಡು ತಿಂಗಳು, ಅತ್ತೆ."

"ಹಾಗಾದ್ರೆ ಎರಡೇ ತಿಂಗಳು" ಎಂದರು ಅತ್ತೆ, ನಂಬಿದವರಂತೆ. ಅವನ ಹೆಂಡತಿ ಮುಖ ಪಕ್ಕಕ್ಕೆ ತಿರುಗಿಸಿದಳು. ಎರಡು ಬಣ್ಣದ ಗೋಡೆಗಳ ನಡುವೆ ಬದುಕುವ ನಮಗೆಲ್ಲ ಆ ಲೆಕ್ಕ ಗೊತ್ತಿತ್ತು. ಬಸ್ಸು ಹೊರಟಿತು.

ಆ ಸಂಜೆ ಅಂದಾಜಣ್ಣನ ಮನೆ ಮುಂದೆ ಹೋದೆ. ಸಿಹಿ ಹಂಚುವ ಮಾತನ್ನು ನೆನಪಿಸಿ ಕಾಲೆಳೆಯಬೇಕೆಂದಿದ್ದೆ. ಅವನು ಹೊಸ್ತಿಲ ಮೇಲೆ ಕೂತಿದ್ದ. ಒಳಗೆ ಬಾಗಿಲ ಪಕ್ಕ, ಬೊಡ್ಡೆ ಇದ್ದ ಜಾಗದಲ್ಲಿ ನೆಲ ಸೊಟ್ಟಸೊಟ್ಟ ಆಕಾರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅವನ ಹೆಂಡತಿ ನೀರಿನ ಚೊಂಬು ಹಿಡಿದು ಬಂದವಳು ಆ ಜಾಗವನ್ನು ಸುತ್ತು ಹಾ‌ಕಿಕೊಂಡು ಬಂದಳು. ಚೊಂಬು ಕೊಟ್ಟು, ಸುತ್ತು ಹಾಕಿಕೊಂಡೇ ಒಳಗೆ ಹೋದಳು. ಸಿಹಿಯ ಮಾತು ಬಿಟ್ಟೆ. ಪಕ್ಕದಲ್ಲಿ ಕೂತೆ.

"ಮೇಷ್ಟ್ರೇ, ಒಂದು ವಿಷಯ ಹೇಳ್ತೀನಿ. ನಮ್ಮನೆಯವಳಿಗೆ ಹೇಳಬೇಡಿ" ಎಂದ. "ಆವತ್ತು ತೊಟ್ಟೀಲಿ ನಾನು ಜಾರಿದ್ದಲ್ಲ. ಬೇಕಂತಲೇ ಮುಳುಗಿದ್ದು."

"ನನಗೆ ಅನುಮಾನ ಇತ್ತು" ಎಂದೆ. "ಒಳ್ಳೇ ಕೆಲಸ ಮಾಡಿದೆ ಬಿಡು. ಇಲ್ಲದಿದ್ದರೆ ಅವರು ಹೋಗೋ ಹಾಗೇ ಇರಲಿಲ್ಲ."

"ಅದೇ ಮೇಷ್ಟ್ರೇ ನನಗೆ ಬಿಡಿಸಕ್ಕಾಗ್ತಾ ಇಲ್ಲ. ಅವರು ಹೋಗದೇ ಇರಲಿ ಅಂತ ಮುಳುಗಿದ್ದು ನಾನು. ಜಾಸ್ತಿ ನೀರು ಚೆಲ್ಲಿದರೆ ಜಾಸ್ತಿ ಲೀಟರ್ ಬರುತ್ತೆ, ಬೊಡ್ಡೆ ಅರವತ್ತು ದಾಟುತ್ತೆ, ಅತ್ತೆ ಉಳೀತಾರೆ ಅಂತ." ನನ್ನ ಕಡೆ ತಿರುಗಿದ. "ಎಲ್ಲಿ ತಪ್ಪಿತು?"

ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

"ಎರಡನೇ ಸಲ ಅಳೆದದ್ದು ನಿನ್ನನ್ನ ಕಣಯ್ಯಾ. ನಿನ್ನನ್ನ ಒಟ್ಟು ಲೆಕ್ಕದಿಂದ ಕಳೀತಾರೆ, ಕೂಡಿಸಲ್ಲ. ನೀನು ದೊಡ್ಡವನಾದಷ್ಟೂ ಬೊಡ್ಡೆ ಚಿಕ್ಕದಾಗುತ್ತೆ."

ಅವನು ಬೆರಳುಗಳನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಆಮೇಲೆ ಕೇಳಿದ.

"ಹಾಗಾದ್ರೆ ಸುಮ್ಮನೆ ಗದ್ದದವರೆಗೆ ಕೂತಿದ್ದಿದ್ದರೆ?"

"ನಿನ್ನ ತಲೆ ಎಷ್ಟೇ ಖಾಲಿ ಅಂದರೂ ನಾಲ್ಕೈದು ಲೀಟರ್ ಹಿಡಿಯುತ್ತೆ. ಅಷ್ಟು ಬೊಡ್ಡೆಗೆ ಸೇರಿದ್ದಿದ್ದರೆ ಅರವತ್ತು ದಾಟ್ತಿತ್ತು."

"ಉಳೀತಿದ್ದರು."

"ಉಳೀತಿದ್ದರು."

ಬೀದಿಯಲ್ಲಿ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಎದುರುಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅಂದಾಜಣ್ಣ ಹೊಸ್ತಿಲ ಒಳಗೆ ಕೈ ಚಾಚಿ, ಆ ಬಿಳಿಯ ಜಾಗದ ಮೇಲೆ ಅಂಗೈ ಇಟ್ಟ.

"ಹೋಗಲಿ ಬಿಡಿ" ಎಂದ. "ಅಲ್ಲಿ ಆ ಹುಡುಗಿ ಅಮ್ಮ ಬರ್ತಾಳೆ ಅಂತ ಕಾಯ್ತಾ ಇದ್ದಾಳೆ. ಅವರು ಹೋಗಬೇಕಿತ್ತು. ನನ್ನ ತಪ್ಪು ಒಂದು ಸಲ ಯಾರಿಗಾದರೂ ಕೆಲಸಕ್ಕೆ ಬಂತಲ್ಲ."

ಹೌದೆಂದೆ. ಏಳಲು ಹೊರಟಾಗ ಅವನು ಎಡಗಣ್ಣು ಮುಚ್ಚಿ, ಬಸ್ಸು ಹೋದ ದಿಕ್ಕಿಗೆ ಸುಮ್ಮನೆ ನೋಡುತ್ತಿದ್ದ.

"ಎರಡು ತಿಂಗಳು ಅಂದುಬಿಟ್ಟೆ, ಮೇಷ್ಟ್ರೇ" ಎಂದ. "ಇನ್ನೊಂದು ಡಬ್ಬಿ ಹಿಡಿಯುತ್ತೆ, ಅನ್ಸುತ್ತೆ."